ಕಿವಿಪೆಟ್ಟಿಗೆ

ಸೆಪ್ಟೆಂಬರ್ ೯

ಅಪ್ಪನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಕಳೆದ ತಿಂಗಳು ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ನಿಮ್ಮನ್ನು ಒಂದೇ ಮಾತು ಕೇಳಿದೆ, ಅಮ್ಮ ಕೊನೆಗೆ ನನ್ನನ್ನು ಕೇಳಿದಳೇ ಎಂದು. ನೀವು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಏನೋ ಹೇಳಿದಿರಿ. ತುಟಿ ಕಾಣದಿದ್ದರೆ ನನಗೆ ಮಾತು ತಿಳಿಯುವುದಿಲ್ಲ. ಏಳನೇ ವಯಸ್ಸಿನ ಜ್ವರದಲ್ಲಿ ನನ್ನ ಕಿವಿ ಹೋದಂದಿನಿಂದ ಇದು ನಿಮಗೆ ಗೊತ್ತು. ಗೊತ್ತಿದ್ದೇ ತಿರುಗಿದಿರಿ.

ಇದರ ಜೊತೆ ನನ್ನ ಅರ್ಜಿಯ ಪ್ರತಿಯಿದೆ. ದೂರವಾಣಿ ಮಂಡಳಿಗೆ ಕೊಟ್ಟಿದ್ದೇನೆ. ಎದುರು ಪಕ್ಷದಲ್ಲಿ ನಿಮ್ಮ ಹುದ್ದೆಯ ಹೆಸರಿದೆ. ನಾಳೆ ವಿಚಾರಣೆಯಲ್ಲಿ ‘ನನಗೆ ತಿಳಿದಿರಲಿಲ್ಲ’ ಎನ್ನಬಾರದೆಂದು, ನಿಮಗೆ ತಿಳಿದದ್ದನ್ನೇ ಬರೆದಿಡುತ್ತೇನೆ.

ನಿಮ್ಮ ಅಳಿಯ ಮಾಡಿದ್ದು ಒಂದು ಮರದ ಪೆಟ್ಟಿಗೆ. ಮೇಲೆ ಎರಡು ರಬ್ಬರ್ ಬಟ್ಟಲು. ಫೋನಿನ ರಿಸೀವರನ್ನು ಆ ಬಟ್ಟಲುಗಳಲ್ಲಿ ಬೋರಲು ಮಲಗಿಸಬೇಕು. ಪಕ್ಕದಲ್ಲಿ, ಪತ್ರಿಕಾ ಕಚೇರಿಯವರು ಗುಜರಿಗೆ ಹಾಕಿದ್ದ ಟೆಲಿಪ್ರಿಂಟರ್. ನಾನು ಅಕ್ಷರ ಒತ್ತಿದರೆ ಪೆಟ್ಟಿಗೆ ಸಿಳ್ಳೆ ಹಾಕುತ್ತದೆ. ಸಿಳ್ಳೆ ಫೋನಿನ ಬಾಯಿಗೆ ಬಿದ್ದು ತಂತಿಯ ಮೇಲೆ ಹೋಗುತ್ತದೆ. ಆ ಕಡೆಯ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಅದೇ ಅಕ್ಷರವನ್ನು ಕಾಗದದ ಮೇಲೆ ಹೊಡೆಯುತ್ತದೆ. ನಿಮ್ಮ ಇಲಾಖೆಯ ಲೈನಿಗೆ ಒಂದು ತಂತಿಯನ್ನಾಗಲಿ ಸ್ಕ್ರೂವನ್ನಾಗಲಿ ನಾವು ಜೋಡಿಸಿಲ್ಲ. ಫೋನಿಗೆ ಸಿಳ್ಳೆ ಹಾಕುವುದು ಅಪರಾಧವಾದರೆ ಊರಿನ ಪುಂಡರನ್ನೆಲ್ಲ ಒಳಗೆ ಹಾಕಿ.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅಮ್ಮನ ಜೊತೆ ನಾನು ಮಾತಾಡಿದ್ದು ಆ ಪೆಟ್ಟಿಗೆಯಿಂದ. ಅಮ್ಮ ಅಕ್ಷರಕ್ಕೆ ತಡಕಾಡುತ್ತಿದ್ದಳು, ಒತ್ತಕ್ಷರವನ್ನೆಲ್ಲ ನುಂಗಿಬಿಡುತ್ತಿದ್ದಳು. ಪ್ರೆಸ್ಸಿನಲ್ಲಿ ದಿನವಿಡೀ ಕರಡು ತಿದ್ದುವ ನಾನು ಅವಳ ಒಂದಕ್ಷರವನ್ನೂ ತಿದ್ದಲಿಲ್ಲ.

ಪೆಟ್ಟಿಗೆ ಎರಡೂ ಮನೆಗಳಲ್ಲಿತ್ತು. ಅನಾಮಧೇಯ ದೂರು ಬಂತು, ನಿಮ್ಮ ಬಡ್ತಿಯ ಕಡತ ಮೇಲೆ ಹೋಗಿತ್ತು. ಆಗ ನೀವು ನಿಮ್ಮ ಮನೆಯ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ಕಡಿಸಿದ್ದು ನನ್ನ ಲೈನನ್ನು ಮಾತ್ರ. ಅಮ್ಮ ಹಾಸಿಗೆ ಹಿಡಿದಾಗ ಒಂದು ಮಾತಿನಲ್ಲಿ ಅದನ್ನು ಮತ್ತೆ ಜೋಡಿಸಬಹುದಾದ ಕುರ್ಚಿಯಲ್ಲಿ ಕೂತಿದ್ದವರು ನೀವೇ. ಜೋಡಿಸಲಿಲ್ಲ. ತಂತಿ ಸಂದೇಶ ಬಂದದ್ದು ಅವಳು ಹೋದ ಮೇಲೆ. ನಾನು ಬಂದಾಗ ಅವಳ ಹಾಸಿಗೆಯನ್ನು ಮಡಚಿ ಮಂಚದ ತುದಿಗೆ ಇಟ್ಟಿದ್ದಿರಿ.

ಆ ಮಡಚಿಟ್ಟ ಹಾಸಿಗೆ ಕಣ್ಣಿಂದ ಹೋಗುವುದಿಲ್ಲ. ನಿಮ್ಮನ್ನೂ ಬಿಡುವುದಿಲ್ಲ.

ನಿಮ್ಮ ಹೆಂಡತಿಯ ಮಗಳು

*

ಸೆಪ್ಟೆಂಬರ್ ೧೮

ಮಗಳೇ,

ಪತ್ರ ತಲುಪಿತು. ಅರ್ಜಿಯನ್ನೂ ಓದಿದೆ. ಭಾಷೆ ಚೆನ್ನಾಗಿದೆ.

ಹೊರಗಿನ ಉಪಕರಣವನ್ನು ಇಲಾಖೆಯ ಲೈನಿನಲ್ಲಿ ಬಳಸಬಾರದು ಎಂದು ನಿಯಮ. ‘ಜೋಡಿಸಬಾರದು’ ಎಂದಷ್ಟೇ ಅದರಲ್ಲಿಲ್ಲ, ‘ಬಳಸಬಾರದು’ ಎಂದಿದೆ. ಅದನ್ನು ಬರೆದವನು ನಾನಲ್ಲ. ಮಗಳ ಮನೆಯೆಂದು ಸುಮ್ಮನಿದ್ದರೆ ನಾಳೆ ಎಲ್ಲರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಆಗ ನನಗೆ ಅನ್ನಿಸಿತು.

ಉಳಿದ ವಿಷಯಗಳನ್ನು ಪತ್ರದಲ್ಲಿ ಬರೆಯಲಾರೆ. ಅರ್ಜಿ ಹಿಂತೆಗೆದುಕೊಂಡರೆ ಒಳ್ಳೆಯದು. ನಿನ್ನ ಗಂಡನಿಗೂ ಕಾಲೇಜಿನ ನೌಕರಿಯಿದೆ, ಅದನ್ನು ನೆನಪಿಟ್ಟುಕೋ.

ನಿನ್ನ ತಾಯಿಯ ಟೆಲಿಪ್ರಿಂಟರಿನ ಮೇಲೆ ಧೂಳು ಕೂರದಂತೆ ಬಟ್ಟೆ ಹೊದಿಸಿದ್ದೇನೆ.

ಅಪ್ಪ

*

ಅಕ್ಟೋಬರ್ ೨

ಚಿಕ್ಕಮ್ಮ,

ಹೇಗಿದ್ದೀಯ? ಮಂಡಿನೋವಿಗೆ ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಬಾಟಲಿಯನ್ನು ನೋಡಿಯೇ ವಾಸಿ ಮಾಡಿಕೊಳ್ಳುತ್ತಿದ್ದೀಯೋ?

ಅಪ್ಪನ ಪತ್ರ ಬಂತು. ನನ್ನ ಭಾಷೆ ಚೆನ್ನಾಗಿದೆಯಂತೆ. ಅಮ್ಮನ ವಿಷಯಕ್ಕೆ ‘ಉಳಿದ ವಿಷಯಗಳು’ ಎಂದು ಹೆಸರಿಟ್ಟಿದ್ದಾರೆ. ಇವರ ನೌಕರಿಯ ಮೇಲೆ ಕೈ ಹಾಕುವ ಸೂಚನೆಯೂ ಇದೆ. ಅದನ್ನು ಓದಿದ ಮೇಲೆ ನನ್ನಲ್ಲಿ ಉಳಿದಿದ್ದ ಸ್ವಲ್ಪ ಅಳುಕೂ ಹೋಯಿತು.

ವಿಚಾರಣೆ ಮುಂದಿನ ತಿಂಗಳು, ನಿಮ್ಮ ಊರಿನಲ್ಲೇ. ನಮ್ಮ ವಕೀಲೆ ಗಟ್ಟಿಗಿತ್ತಿ. ಅವರ ಸಲಹೆಯಂತೆ, ಪೆಟ್ಟಿಗೆ ಕೆಲಸ ಮಾಡುತ್ತದೆಂದು ಮಂಡಳಿಯ ಮುಂದೆಯೇ ತೋರಿಸಲಿದ್ದೇವೆ. ಆ ಒಂದು ದಿನದ ಮಟ್ಟಿಗೆ ಮಂಡಳಿಯವರೇ ನಮ್ಮ ಲೈನು ಜೋಡಿಸಿಕೊಡುತ್ತಾರೆ. ಇವರು ಒಂದು ಪೆಟ್ಟಿಗೆಯನ್ನು ಅಲ್ಲಿ ಸಭಾಂಗಣದಲ್ಲಿಟ್ಟು ಕೂರುತ್ತಾರೆ. ನಾನು ಇಲ್ಲಿ, ನಮ್ಮ ಮನೆಯಲ್ಲಿ. ಬಂದ ಸಂದೇಶವನ್ನು ಯಾರು ಓದಬೇಕು? ನಾವೇ ಓದಿದರೆ ಮೋಸ ಎನ್ನುತ್ತಾರೆ. ಅದಕ್ಕೆ, ಎದುರು ಪಕ್ಷದ ಅಧಿಕಾರಿಯೇ ಓದಲಿ ಎಂದು ವಕೀಲೆ ಬರೆದುಕೊಟ್ಟರು. ಮಂಡಳಿ ಒಪ್ಪಿದೆ. ಅಪ್ಪನೇ ಓದಬೇಕು.

ಅವರು ಹವಾಮಾನದ ಸುದ್ದಿಯೋ ಸುಭಾಷಿತವೋ ಬರುತ್ತದೆ ಎಂದುಕೊಂಡಿರುತ್ತಾರೆ. ನಾನು ಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನೇ ಕಳಿಸುತ್ತೇನೆ.

ಅವರು ಓದುವುದಿಲ್ಲ, ಚಿಕ್ಕಮ್ಮ. ಅಷ್ಟು ಜನ ಮೇಲಧಿಕಾರಿಗಳ ಮುಂದೆ ಅದನ್ನು ಓದುವ ಎದೆ ಅವರಿಗಿಲ್ಲ. ‘ಅಕ್ಷರ ಕಲಸಿಕೊಂಡಿದೆ, ಏನೂ ತಿಳಿಯುತ್ತಿಲ್ಲ’ ಎಂದುಬಿಡುತ್ತಾರೆ. ಹಾಗೆಂದರೆ ಕೇಸೂ ಗೆದ್ದಂತೆ, ಮಾನವೂ ಉಳಿದಂತೆ. ಆಗ ವಕೀಲೆ ಎದ್ದು ಆ ಕಾಗದ ಕೇಳುತ್ತಾರೆ. ಅದರ ಪಕ್ಕದಲ್ಲಿ ನಾನು ಏನು ಕಳಿಸುತ್ತೇನೆಂದು ಮೊದಲೇ ಲಕೋಟೆಯಲ್ಲಿ ಮುಚ್ಚಿಟ್ಟ ಪ್ರತಿಯನ್ನು ಇಡುತ್ತಾರೆ. ಜೀವಮಾನವಿಡೀ ನಿಯಮ ನಿಯಮ ಎಂದ ಮನುಷ್ಯ ತುಂಬಿದ ಸಭೆಯಲ್ಲಿ ಸುಳ್ಳುಗಾರನಾಗಿ ನಿಲ್ಲಬೇಕು. ನನಗೆ ಬೇಕಾಗಿರುವುದು ಅದು. ಪೆಟ್ಟಿಗೆಗೆ ಅನುಮತಿ ಸಿಕ್ಕರೆ ಸಿಗಲಿ, ಬಿಟ್ಟರೆ ಬಿಡಲಿ. ಇದನ್ನು ಇವರಿಗೆ ಹೇಳಬೇಡ. ಪಾಪ, ಇವರು ಕಿವುಡರಿಗೆಲ್ಲ ಒಳ್ಳೆಯದಾಗಲಿ ಎಂದು ರಬ್ಬರ್ ಬಟ್ಟಲು ಸವರುತ್ತ ಕೂತಿದ್ದಾರೆ.

ನೀನು ಮೊದಲ ಸಾಲಿನಲ್ಲಿ ಕೂರಬೇಕು. ನಾನು ಅವರ ಮುಖ ನೋಡಲಾರೆ. ನೀನು ನೋಡಿ ಬರಿ. ಒಂದು ನೆರಿಗೆಯನ್ನೂ ಬಿಡಬೇಡ.

ನಿನ್ನ ಗುಬ್ಬಿ

*

ಅಕ್ಟೋಬರ್ ೧೪

ಗುಬ್ಬಿ,

ನಿನ್ನ ಪತ್ರ ಓದಿ ಎರಡು ಸಲ ನೀರು ಕುಡಿದೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ, ಅನುಮಾನ ಬೇಡ.

ನನಗೂ ಸಿಟ್ಟಿಲ್ಲವೆಂದು ತಿಳಿಯಬೇಡ. ಅಕ್ಕ ಬಿದ್ದಾಗ ನಾನು ಈ ಮನೆಯಲ್ಲಿರಲಿಲ್ಲ, ಮಗನ ಮನೆಗೆ ಹೋಗಿದ್ದೆ. ನನಗೂ ಭಾವ ತಿಳಿಸಿದ್ದು ಎಲ್ಲ ಮುಗಿದ ಮೇಲೆ. ಮೊನ್ನೆ ಅವರಿಗೆ ಬಡ್ತಿಯ ಆದೇಶ ಬಂತು. ಕಚೇರಿಯವರು ಹಾರ ಹಾಕಿ ಕಳಿಸಿದ್ದರು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ‘ಟೀ ಇದ್ಯಾ’ ಅಂದರು. ‘ಮಾಡ್ಕೊಳ್ಳಿ’ ಅಂದೆ. ಮಾಡಿಕೊಂಡರು. ಸಕ್ಕರೆ ಡಬ್ಬಿ ಯಾವುದೆಂದು ಗೊತ್ತಾಗದೆ ಹಾಗೇ ಕುಡಿದರು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಆದರೆ ಒಂದು ಮಾತು. ನೀನು ಈ ಆಟ ಹೂಡಿರುವುದು ನಿಮ್ಮಪ್ಪ ಸುಳ್ಳು ಹೇಳುತ್ತಾರೆಂಬ ನಂಬಿಕೆಯ ಮೇಲೆ. ಹೇಳದಿದ್ದರೆ?

ಹೋಗುತ್ತೇನೆ. ಮೊದಲ ಸಾಲಿನಲ್ಲೇ ಕೂರುತ್ತೇನೆ. ಕನ್ನಡಕ ಒರೆಸಿಕೊಂಡು ಹೋಗುತ್ತೇನೆ.

ಚಿಕ್ಕಮ್ಮ

*

ನವೆಂಬರ್ ೧೨

ಚಿಕ್ಕಮ್ಮ,

ಇವರು ಇನ್ನೂ ಊರಿಗೆ ಮರಳಿಲ್ಲ. ಇದನ್ನು ಇವತ್ತೇ ಅಂಚೆಗೆ ಹಾಕುತ್ತೇನೆ. ಬೇಗ ಉತ್ತರ ಬರಿ.

ನಾನು ಕಳಿಸಿದ ಮೇಲೆ ಬಹಳ ಹೊತ್ತು ಯಂತ್ರ ಅಲುಗಾಡಲಿಲ್ಲ. ನಾನು ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ, ಕೆಲಸ ಕೆಟ್ಟಿತೆಂದೇ ತಿಳಿದಿದ್ದೆ. ಆಮೇಲೆ ಒಂದೊಂದೇ ಅಕ್ಷರ ಬೀಳತೊಡಗಿತು. ಯಾರೋ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ‘ಕೇಳಿದಳು. ಲೈನ್ ಕೆಟ್ಟಿದೆ ಎಂದು ಸುಳ್ಳು ಹೇಳಿದೆ.’ ಇಷ್ಟು ಬಂದ ಮೇಲೆ ಅರ್ಥವಿಲ್ಲದ ಅಕ್ಷರಗಳು ಒಂದು ಸಾಲು ಬಿದ್ದವು. ಹೊರಗಿನ ಸದ್ದು ಬಟ್ಟಲಿನೊಳಗೆ ನುಗ್ಗಿದರೆ ಹಾಗಾಗುತ್ತದೆ.

ಆ ಸದ್ದು ಏನು? ಅವರು ಅತ್ತರೇ?

ಗುಬ್ಬಿ

*

ನವೆಂಬರ್ ೧೭

ಗುಬ್ಬಿ,

ಅತ್ತದ್ದು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಬೇರೆ ಏನೇನೋ ಕಲ್ಪಿಸಿಕೊಳ್ಳುವುದು ಬೇಡ. ಬಾಯಿಗೆ ಸೆರಗು ಒತ್ತಿಕೊಳ್ಳುವಷ್ಟರಲ್ಲಿ ದೊಡ್ಡದಾಗಿಯೇ ಹೊರಟುಹೋಯಿತು. ನಿನ್ನ ಯಂತ್ರ ಟಕಟಕ ಎಂದು ನನ್ನ ಅಳುವನ್ನೂ ಹೊಡೆಯಿತು. ನಿನ್ನ ಗಂಡ, ನಮ್ಮ ಮೇಷ್ಟ್ರು, ಓಡಿಬಂದು ಪೆಟ್ಟಿಗೆಯ ಮೇಲೆ ತಮ್ಮ ಕೋಟು ಮುಚ್ಚಿದರು.

ನೋಡಿದ್ದನ್ನು ನೋಡಿದಂತೆ ಬರೆಯುತ್ತೇನೆ.

ಉದ್ದನೆಯ ಕೋಣೆ. ಮೇಲೆ ಮೂವರು. ನಡುವಿನ ಅಧ್ಯಕ್ಷರಿಗೆ ನೆಗಡಿ. ಅವರು ಸೀನಿದಾಗಲೆಲ್ಲ ಯಂತ್ರ ಒಂದು ತಪ್ಪಕ್ಷರ ಹೊಡೆಯುತ್ತಿತ್ತು, ಜನ ನಗುತ್ತಿದ್ದರು. ಮೇಷ್ಟ್ರು ಕಿಟಕಿ ಮುಚ್ಚಿಸಿದರು, ಫ್ಯಾನು ನಿಲ್ಲಿಸಿದರು, ಕೊನೆಗೆ ‘ದಯವಿಟ್ಟು ಸೀನಬೇಡಿ ಸರ್’ ಎಂದೂ ಅಧ್ಯಕ್ಷರಿಗೇ ಹೇಳಿದರು. ಆಮೇಲೆ ನಿನ್ನ ಮನೆಗೆ ಫೋನು ಮಾಡಿ ರಿಸೀವರನ್ನು ಬಟ್ಟಲುಗಳಲ್ಲಿ ಮಲಗಿಸಿದರು.

ಭಾವ ಯಂತ್ರದ ಪಕ್ಕದಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಅವರೇ ಮಾಡಿಕೊಂಡದ್ದು, ತೋಳಿನ ಮೇಲೆ ಎರಡೆರಡು ಮಡಿಕೆ. ಕಾಗದ ಮೇಲೇರಿತು. ಅವರು ಬಗ್ಗಿ ನೋಡಿದರು. ನೀನು ಮುಖ ನೋಡು ಎಂದಿದ್ದೆ, ನೋಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿಯ ಹತ್ತಿರ ಕೆಂಪಾಯಿತು. ಕೈ ಟೇಬಲ್ಲಿನ ಅಂಚು ಹುಡುಕಿತು.

‘ಏನ್ ಬಂದಿದೆ? ಓದ್ಬಹುದಾ?’ ಎಂದರು ಅಧ್ಯಕ್ಷರು.

ಭಾವ ಕಾಗದದಿಂದ ಕಣ್ಣು ತೆಗೆಯಲಿಲ್ಲ. ನಿಮ್ಮ ವಕೀಲೆ ಆಗಲೇ ಅರ್ಧ ಎದ್ದಿದ್ದರು.

‘ಕಲಸ್ಕೊಂಡಿದ್ರೆ ಹಾಗಂತ ಹೇಳ್ಬಿಡಿ, ಮುಗೀತು’ ಎಂದರು ಪಕ್ಕದ ಸದಸ್ಯರು. ಅವರು ಭಾವನ ಕಡೆಯವರು, ದಾರಿ ಮಾಡಿಕೊಟ್ಟರು ಎಂದೇ ನನಗನ್ನಿಸಿತು.

‘ಇಲ್ಲ ಸರ್, ಸ್ಪಷ್ಟವಾಗಿದೆ’ ಎಂದರು ಭಾವ. ಕನ್ನಡಕ ಸರಿಮಾಡಿಕೊಂಡರು. ಕಚೇರಿಯಲ್ಲಿ ಸುತ್ತೋಲೆ ಓದುವ ಅದೇ ದನಿಯಲ್ಲಿ, ತಡೆಯದೆ ಓದಿದರು. ‘ಅಪ್ಪಾ, ಅಮ್ಮ ಕೊನೆಯ ದಿನಗಳಲ್ಲಿ ನನ್ನನ್ನು ಕರೆಸಿ ಎಂದು ಕೇಳಿದಳೇ. ನೀವು ಏನು ಹೇಳಿದಿರಿ.’ ಪ್ರಶ್ನೆಯ ಚಿಹ್ನೆಯಿಲ್ಲವೆಂದೂ ಹೇಳಿದರು. ನಿನ್ನ ಯಂತ್ರದಲ್ಲಿ ಆ ಕೀಲಿ ಮುರಿದಿದೆಯಂತೆ.

ಅಧ್ಯಕ್ಷರು, ‘ಇದು ಪ್ರಕರಣಕ್ಕೆ ಸಂಬಂಧಪಟ್ಟಿದ್ದಲ್ಲ. ನೀವು ಉತ್ತರ ಕೊಡಬೇಕಾಗಿಲ್ಲ’ ಎಂದರು.

‘ಕೊಡ್ಬೇಕಾಗತ್ತೆ ಸರ್. ಬಂದಿದ್ದು ಮಾತ್ರ ನೋಡಿದ್ರೆ ಪರೀಕ್ಷೆ ಪೂರ್ತಿ ಆಗಲ್ಲ. ಹೋಗತ್ತಾ ಅಂತಾನೂ ನೋಡ್ಬೇಕು. ನಿಯಮ ಇದೆ’ ಎಂದರು ಭಾವ. ಕುರ್ಚಿ ಎಳೆದುಕೊಂಡು ಕೂತು ಒತ್ತತೊಡಗಿದರು. ಒಂದೊಂದು ಅಕ್ಷರಕ್ಕೂ ಹುಡುಕಾಟ. ಸದಸ್ಯರು ಹಿಂದೆ ನಿಂತು ಬಗ್ಗಿ ಓದಿ ಹೇಳಿದರು. ನಾನು ಅತ್ತದ್ದು ಆಗ.

ಅಧ್ಯಕ್ಷರು ಮೂಗು ಒರೆಸಿಕೊಂಡು ಕೇಳಿದರು: ‘ಅಂದ್ರೆ, ಈ ಪೆಟ್ಟಿಗೆ ನಿಮ್ಮನೇಲೂ ಇತ್ತಾ?’

‘ಇತ್ತು.’

‘ನಿಮ್ಮ ಲೈನೂ ಕಡಿಸಿದ್ರಾ?’

‘ಇಲ್ಲ. ಮಗಳದ್ದು ಮಾತ್ರ.’

ಅವರ ಕಡೆಯವರೆಲ್ಲ ತಲೆ ತಗ್ಗಿಸಿದರು. ಭಾವ ತಗ್ಗಿಸಲಿಲ್ಲ. ನನಗೆ ಅದೂ ಸಿಟ್ಟು ಬರಿಸಿತು.

ಅನುಮತಿ ಸಿಗುತ್ತದೆಂದು ಎಲ್ಲರೂ ಹೇಳುತ್ತಾರೆ. ಹೊರಗೆ ಮೆಟ್ಟಿಲ ಮೇಲೆ ಭಾವ ಒಬ್ಬರೇ ನಿಂತಿದ್ದರು. ಜೊತೆಗೆ ಬಂದವರು ಅವರನ್ನು ಬಿಟ್ಟು ಕಾರು ಹತ್ತಿದ್ದರು. ನಾನೂ ಬಿಟ್ಟೇ ಬರುತ್ತಿದ್ದೆ, ಮಂಡಿ ನೋಯುತ್ತಿತ್ತು, ರಿಕ್ಷಾ ಅವರೇ ಕರೆದರು.

ಚಿಕ್ಕಮ್ಮ

*

ನವೆಂಬರ್ ೨೩

ಚಿಕ್ಕಮ್ಮ,

ಓದಿಬಿಟ್ಟರು. ಓದಿಬಿಟ್ಟರಲ್ಲ.

ಇವರು ಊರಿಗೆ ಬಂದು ನನ್ನನ್ನು ಎತ್ತಿ ತಿರುಗಿಸಿದರು, ಗೆದ್ದೆವು ಎಂದು. ಇಲ್ಲಿನ ಕಿವುಡರ ಶಾಲೆಯ ಮಕ್ಕಳ ತಾಯಂದಿರು ಸಿಹಿ ಹಿಡಿದುಕೊಂಡು ಬಂದರು. ನಾನು ನಗಬೇಕಾಯಿತು. ನನಗೆ ಬೇಕಾದದ್ದನ್ನು ಅಪ್ಪ ಕಿತ್ತುಕೊಂಡರು ಎಂದು ಇವರಿಗೆ ಹೇಗೆ ಹೇಳಲಿ? ಅವರು ಸುಳ್ಳು ಹೇಳಿದ್ದರೆ ಅವರನ್ನು ಮನಸ್ಸಿನಿಂದ ಕಿತ್ತೆಸೆದು ಸುಖವಾಗಿರುತ್ತಿದ್ದೆ. ಈಗ ‘ಕೇಳಿದಳು’ ಎಂಬ ಒಂದು ಪದ ಬಂದು ಎದೆಯಲ್ಲಿ ಕೂತಿದೆ. ಕೇಳಿದಳಂತೆ. ಲೈನ್ ಕೆಟ್ಟಿದೆಯೆಂದು ನಂಬಿ ಹೋದಳಂತೆ. ನಾನೇ ಬರಲಿಲ್ಲ ಎಂದುಕೊಂಡಿದ್ದರೆ ಇದಕ್ಕಿಂತ ಮೇಲೋ ಕೆಳಗೋ, ನೀನೇ ಹೇಳು.

ನೌಕರಿ ಹೋಗಲಿ ಅವರದ್ದು. ಅಷ್ಟಾದರೂ ಆಗಲಿ.

ಗುಬ್ಬಿ

*

ಜನವರಿ ೬

ಮಗಳೇ,

ಮಂಡಳಿಯ ಆದೇಶ ಬಂದಿದೆ. ರಿಸೀವರನ್ನು ಮಲಗಿಸಿ ಬಳಸುವ ಪೆಟ್ಟಿಗೆಗಳಿಗೆ ಇನ್ನು ಮುಂದೆ ತಡೆಯಿಲ್ಲ. ನಿನ್ನ ಲೈನನ್ನು ಮತ್ತೆ ಜೋಡಿಸುವ ಆಜ್ಞೆಗೆ ನಾನೇ ಸಹಿ ಹಾಕಿದೆ. ನಾನು ಹಾಕಿದ ಕೊನೆಯ ಸಹಿ ಅದು. ಬಡ್ತಿ ರದ್ದಾಯಿತು. ವಿಚಾರಣೆಗೆ ಗುರಿಪಡಿಸುವ ಬದಲು ನಾನೇ ಬಿಟ್ಟು ಹೋಗಬಹುದೆಂದರು. ಬಿಟ್ಟೆ.

ಬೀರುವಿನಿಂದ ನಿನ್ನ ತಾಯಿಯ ಪೆಟ್ಟಿಗೆಯನ್ನು ತೆಗೆದಿದ್ದೇನೆ. ಒಂದು ಬಟ್ಟಲಿನ ರಬ್ಬರ್ ಸ್ವಲ್ಪ ಬಿರುಕು ಬಿಟ್ಟಿದೆ. ಕೆಲಸ ಮಾಡುತ್ತದೆಂದು ಕಾಣುತ್ತದೆ.

ಸಂಜೆ ಅವಳು ಮಾಡುತ್ತಿದ್ದ ಹೊತ್ತಿಗೆ ಫೋನು ಮಾಡುತ್ತೇನೆ. ಎತ್ತುವುದು ಬಿಡುವುದು ನಿನಗೆ ಬಿಟ್ಟದ್ದು.

ಅಪ್ಪ

*

ಫೆಬ್ರವರಿ ೧೯

ಗುಬ್ಬಿ,

ನೀನು ಎತ್ತುತ್ತಿಲ್ಲವಂತೆ. ಫೋನಿನ ಗಂಟೆ ಹೊಡೆದಾಗಲೆಲ್ಲ ನಿನಗೆ ಕಾಣಲೆಂದು ಗೋಡೆಗೆ ಹಾಕಿದ ದೀಪ ಹತ್ತಿ ಆರುತ್ತದೆಂದೂ, ನೀನು ಎದುರಿಗೆ ಕುರ್ಚಿ ಹಾಕಿಕೊಂಡು ಅದು ನಿಲ್ಲುವ ತನಕ ನೋಡುತ್ತ ಕೂರುತ್ತೀಯೆಂದೂ ಮೇಷ್ಟ್ರು ಬರೆದಿದ್ದಾರೆ. ಅವರಿಗೆ ಭಯವಾಗಿದೆ.

ಇಲ್ಲಿಯೂ ಹಾಗೇ. ಸಂಜೆಯಾದರೆ ಸಾಕು, ಭಾವ ಅಂಗಿ ಬದಲಾಯಿಸಿ ಕೂರುತ್ತಾರೆ, ಫೋನಿನಲ್ಲಿ ಯಾರೋ ಅವರನ್ನು ನೋಡುತ್ತಾರೆ ಎನ್ನುವ ಹಾಗೆ. ‘ಅವಳು ಎತ್ತಲ್ಲ, ಸುಮ್ನೆ ಯಾಕೆ?’ ಎಂದೆ. ‘ಎತ್ತಬೇಕು ಅಂತೇನಿಲ್ಲ’ ಎಂದರು. ಹಬೆಯಾಡುವ ಅನ್ನ ತಣ್ಣಗಾಗುತ್ತದೆ.

ನಾನು ಅವರ ಪರ ಮಾತಾಡುತ್ತಿಲ್ಲ. ಅಕ್ಕನನ್ನು ನೆನೆದರೆ ನನಗೂ ಅವರ ತಟ್ಟೆಗೆ ಅನ್ನ ಬಡಿಸಲು ಕೈ ಬರುವುದಿಲ್ಲ. ಆದರೆ ಒಂದು ವಿಷಯ ಯೋಚಿಸು. ಅಕ್ಕನ ಆ ಕೊನೆಯ ದಿನಗಳನ್ನು ಕಂಡವರು ಅವರೊಬ್ಬರೇ. ನನಗೆ ಅವರು ಹೇಳುವುದಿಲ್ಲ, ಕೇಳಿ ನೋಡಿದೆ. ಅವರಿಗೂ ವಯಸ್ಸಾಯಿತು. ಅದೆಲ್ಲ ಅವರ ಜೊತೆಗೇ ಹೋಗಿಬಿಟ್ಟರೆ ನಿನಗೆ ಸಮಾಧಾನವೇ?

ಚಿಕ್ಕಮ್ಮ

*

ಮಾರ್ಚ್ ೩

ಅಪ್ಪನಿಗೆ,

ನಿನ್ನೆ ಎತ್ತಿದವಳು ನಾನೇ. ರಿಸೀವರನ್ನು ಬಟ್ಟಲುಗಳಲ್ಲಿಟ್ಟು ಕೈ ಕಟ್ಟಿಕೊಂಡು ಕೂತೆ. ನೀವು ‘ಇದ್ದೀಯಾ’ ಎಂದಿರಿ. ನಾನು ಒತ್ತಲಿಲ್ಲ. ಮತ್ತೆ ‘ಇದ್ದೀಯಾ’ ಎಂದಿರಿ. ಅದಕ್ಕೂ ಒತ್ತಲಿಲ್ಲ. ಇಡುತ್ತೀರೆಂದು ಕಾದೆ. ನೀವು ಇಡಲಿಲ್ಲ. ಯಾರೂ ಇಲ್ಲದ ಕೋಣೆಗೆ ಹೇಳುವವರ ಹಾಗೆ ಅಮ್ಮ ಬಚ್ಚಲಲ್ಲಿ ಬಿದ್ದ ಬೆಳಿಗ್ಗೆಯಿಂದ ಶುರು ಮಾಡಿದಿರಿ. ಅವಳ ಕೈಯಲ್ಲಿ ಬಾಚಣಿಗೆ ಹಾಗೇ ಇತ್ತೆಂದು, ಬಿಡಿಸಿಕೊಳ್ಳಲು ಬಿಡಲಿಲ್ಲವೆಂದು, ನೀವು ಹೊತ್ತು ತರುವಾಗ ‘ನಿಧಾನ, ನಿಮ್ಮ ಸೊಂಟ’ ಎಂದಳೆಂದು. ಡಾಕ್ಟರು ಬಂದರು ಎನ್ನುವಲ್ಲಿಗೆ ನಿಲ್ಲಿಸಿದಿರಿ. ಬಹಳ ಹೊತ್ತು ಏನೂ ಬರಲಿಲ್ಲ. ಆಗ ನಾನು ರಿಸೀವರ್ ಇಟ್ಟೆ.

ಒಂದು ಬಾರಿಗೆ ಇಷ್ಟು ಮಾತು ನಿಮ್ಮಿಂದ ಬಂದದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದಕ್ಕಾಗಿ ಕರಗಿದೆನೆಂದು ತಿಳಿಯಬೇಡಿ. ಕಾಗದ ಓದುತ್ತ ಓದುತ್ತ ನನಗೆ ಬಂದದ್ದು ಸಿಟ್ಟೇ. ಅವಳು ನಿಮ್ಮ ಸೊಂಟದ ಚಿಂತೆ ಮಾಡಿದಳು, ನೀವು ನಿಮ್ಮ ಕುರ್ಚಿಯ ಚಿಂತೆ ಮಾಡಿದಿರಿ.

ಮುಂದಿನದು ನನಗೆ ಬೇಕು. ಏನನ್ನೂ ಬಿಡದೆ ಬೇಕು. ಡಾಕ್ಟರು ಏನೆಂದರು, ಅವಳು ನನ್ನನ್ನು ಯಾವ ಮಾತಿನಲ್ಲಿ ಕೇಳಿದಳು, ನೀವು ಸುಳ್ಳು ಹೇಳಿದಾಗ ಅವಳ ಮುಖ ಹೇಗಿತ್ತು, ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಮತ್ತೆ ಕೇಳಿದಳೋ. ಹೇಳಲು ಕಷ್ಟವಾದ ಕಡೆ ನಿಲ್ಲಿಸಿ, ಮರುದಿನ ಅಲ್ಲಿಂದಲೇ ಹೇಳಿ. ಹಾರಿಸಿದರೆ ನನಗೆ ತಿಳಿಯುತ್ತದೆ, ಬಿಟ್ಟುಹೋದ ಸಾಲು ಹಿಡಿಯುವುದೇ ನನ್ನ ಕೆಲಸ. ನನ್ನಿಂದ ಒಂದಕ್ಷರವೂ ಬರುವುದಿಲ್ಲ. ಇದ್ದೀಯಾ ಎಂದು ಕೇಳಬೇಡಿ. ಎತ್ತಿದೆನೆಂದರೆ ಇದ್ದೇನೆ.

ಹೇಳಿ ಮುಗಿದ ದಿನ ಏನೆಂದು ನನ್ನನ್ನು ಕೇಳಬೇಡಿ. ನನಗೂ ಗೊತ್ತಿಲ್ಲ. ಆ ಬಿರುಕು ಬಿಟ್ಟ ಬಟ್ಟಲಿನಿಂದ ಅಲ್ಲಲ್ಲಿ ಅಕ್ಷರ ಕೆಡುತ್ತಿದೆ. ನಿಮ್ಮ ಅಳಿಯ ಹೊಸದೊಂದನ್ನು ಅಂಚೆಯಲ್ಲಿ ಕಳಿಸಿದ್ದಾರೆ, ಹಳೆಯದನ್ನು ಎಸೆದು ಅದನ್ನು ಕೂರಿಸಿಕೊಳ್ಳಿ. ಭಾನುವಾರ ನಾವು ಮನೆಯಲ್ಲಿರುವುದಿಲ್ಲ. ಸೋಮವಾರ ಮಾಡಿ.

ಅಮ್ಮನ ಮಗಳು